ತೂಕ ಬರುವವರೆಗೆ

2018ರ ಜನವರಿಯಲ್ಲಿ ಬೆಂಗಳೂರಿನ ಒಂದು ಅನಿಮೇಶನ್ ಸ್ಟುಡಿಯೋದ ಸಣ್ಣ ಕೋಣೆಯಲ್ಲಿ ಕುಳಿತು, ಒಂದೂವರೆ ನಿಮಿಷದ ನನ್ನ ಶೋರೀಲನ್ನು, ಎಂದರೆ ನನ್ನ ಕೆಲಸದ ಮಾದರಿಗಳನ್ನು ಜೋಡಿಸಿದ ವಿಡಿಯೋವನ್ನು, ಹಿರಿಯ ಅನಿಮೇಟರ್ ಒಬ್ಬರು ನೋಡುತ್ತಿರುವುದನ್ನು ನಾನು ನೋಡುತ್ತಿದ್ದೆ. 20 ಸೆಕೆಂಡು ಆಗುವಷ್ಟರಲ್ಲಿ ಅವರು ಅದನ್ನು ನಿಲ್ಲಿಸಿದರು. ಆ ರೀಲಿನಲ್ಲಿ ಒಬ್ಬ ಯೋಧ ಕತ್ತಿ ಬೀಸುತ್ತಿದ್ದ, ಒಂದು ರೋಬೋ ಓಡುತ್ತಿತ್ತು, ಒಂದು ಕಾರು ಉರುಳಿ ಉರಿಯುತ್ತಿತ್ತು. ಬೆಳಕು, ಹೊಗೆ, ಹಿನ್ನೆಲೆ ಸಂಗೀತ ಯಾವುದಕ್ಕೂ ನಾನು ಕೊರತೆ ಮಾಡಿರಲಿಲ್ಲ. ಅವರು ಸಿಡುಕಲಿಲ್ಲ, ನಗಲೂ ಇಲ್ಲ. “ಇವೆಲ್ಲ ಜಾಗ ಬದಲಿಸುತ್ತಿವೆ, ಅಷ್ಟೇ. ಯಾವುದಕ್ಕೂ ತೂಕ ಇಲ್ಲ. ಒಂದು ಚೆಂಡು ನೆಲಕ್ಕೆ ಬಿದ್ದು ಪುಟಿಯುವುದನ್ನು ಮಾಡಿಕೊಂಡು ಬನ್ನಿ, ಆಮೇಲೆ ಮಾತಾಡೋಣ” ಎಂದರು. ಎರಡು ವರ್ಷ ಕೋರ್ಸು ಮಾಡಿ, ಒಂದೂವರೆ ವರ್ಷ ಕೆಲಸವನ್ನೂ ಮಾಡಿದ್ದವನಿಗೆ ಚೆಂಡು ಪುಟಿಸಿಕೊಂಡು ಬಾ ಎಂದದ್ದು ಅವಮಾನವೆಂದೇ ಅನ್ನಿಸಿತು. ಆ ರಾತ್ರಿ ಮಡಿಕೇರಿಯ ಬಸ್ಸಿನಲ್ಲಿ ನಿದ್ದೆ ಬಾರದೆ ಕುಳಿತಿದ್ದಾಗ, ತೂಕ ಎಂಬ ಆ ಮಾತನ್ನು ಅದಕ್ಕೂ ಮೊದಲು ಯಾರ ಬಾಯಲ್ಲಿ ಕೇಳಿದ್ದೆ ಎಂಬುದು ನೆನಪಾಯಿತು.

ಅಪ್ಪನದು ಮಡಿಕೇರಿಯಲ್ಲಿ ಒಂದು ವೆಲ್ಡಿಂಗ್ ಶೆಡ್ಡು. ವರ್ಷದ ಹೆಚ್ಚಿನ ದಿನಗಳಲ್ಲಿ ಅಲ್ಲಿ ತೋಟದ ಗೇಟು, ಕಿಟಕಿಯ ಸರಳು, ಕಾಫಿ ಪಲ್ಪರಿನ ರಿಪೇರಿ ಇಂಥವೇ ಕೆಲಸ. ಮಳೆ ಸ್ವಲ್ಪ ಹಿಂದೆಗೆಯುತ್ತಿದ್ದಂತೆ ಮಾತ್ರ ಬೇರೆಯ ಗಿರಾಕಿಗಳು ಬರುತ್ತಿದ್ದರು. ಮಡಿಕೇರಿ ದಸರಾ ನೋಡಿದವರಿಗೆ ದಶಮಂಟಪಗಳ ವಿಷಯ ವಿವರಿಸಬೇಕಾಗಿಲ್ಲ. ನೋಡದವರಿಗಾಗಿ ಇಷ್ಟು ಹೇಳಬಹುದು: ವಿಜಯದಶಮಿಯ ರಾತ್ರಿ ಊರಿನ ಹತ್ತು ದೇವಾಲಯಗಳ ಮಂಟಪಗಳು ಟ್ರ್ಯಾಕ್ಟರುಗಳು ಎಳೆಯುವ ಟ್ರಾಲಿಗಳ ಮೇಲೆ ಹೊರಟು, ಬೆಳಗಿನ ಜಾವದವರೆಗೂ ಬೀದಿಗಳಲ್ಲಿ ಪ್ರದರ್ಶನ ನೀಡುತ್ತವೆ. ಪ್ರತಿಯೊಂದು ಮಂಟಪದಲ್ಲಿಯೂ ಪುರಾಣದ ಒಂದೊಂದು ಕಥೆ. ಆ ಕಥೆಯ ದೇವತೆಗಳೂ ಅಸುರರೂ ಸುಮ್ಮನೆ ನಿಂತ ಮೂರ್ತಿಗಳಲ್ಲ, ಕೈ ಎತ್ತುವ, ಕತ್ತು ತಿರುಗಿಸುವ, ಎದ್ದು ಬೀಳುವ ಮೂರ್ತಿಗಳು. ಮೂರ್ತಿಯ ಹೊರಮೈ ಕಲಾವಿದರ ಕೆಲಸ. ಅದರೊಳಗಿನ ಕಬ್ಬಿಣದ ಎಲುಬು, ಕೀಲು, ಬೇರಿಂಗು, ಮೋಟಾರು ಇವು ಅಪ್ಪನಂಥವರ ಪಾಲಿಗೆ ಬರುತ್ತಿದ್ದವು. ಪತ್ರಿಕೆಗಳಲ್ಲಿ ಮಂಟಪದ ‘ಚಲನವಲನ’ ಎಂದು ಬರೆಯುತ್ತಾರಲ್ಲ, ಅದು ಹುಟ್ಟುತ್ತಿದ್ದದ್ದು ನಮ್ಮ ಶೆಡ್ಡಿನ ಎಣ್ಣೆ ಮೆತ್ತಿದ ನೆಲದ ಮೇಲೆ.

ಅಸುರನೊಬ್ಬ ಗದೆ ಎತ್ತಬೇಕಾದರೆ ಅಪ್ಪ ಒಂದು ಚಕ್ರಕ್ಕೆ ಅಂಚಿನಲ್ಲಿ ಬೋಲ್ಟು ಹಾಕಿ, ಆ ಬೋಲ್ಟಿಗೂ ಅಸುರನ ತೋಳಿಗೂ ನಡುವೆ ಒಂದು ಸರಳು ಕೊಡುತ್ತಿದ್ದರು. ಮೋಟಾರು ಚಕ್ರವನ್ನು ಒಂದೇ ವೇಗದಲ್ಲಿ ತಿರುಗಿಸಿದರೂ, ತೋಳು ಮಾತ್ರ ಕೆಳಗಿನಿಂದ ನಿಧಾನವಾಗಿ ಹೊರಟು, ನಡುವೆ ಬಿರುಸಾಗಿ, ಮೇಲೆ ತಲುಪುವಾಗ ಮತ್ತೆ ನಿಧಾನವಾಗುತ್ತಿತ್ತು. ಮೋಟಾರಿಗೆ ಜಾಗವಿಲ್ಲದ ಮೂರ್ತಿಗಳೊಳಗೆ ಹುಡುಗರನ್ನು ಕೂರಿಸಿ ಲಿವರ್ ಎಳೆಸುತ್ತಿದ್ದರು. ಹದಿಮೂರನೆಯ ವಯಸ್ಸಿನಲ್ಲಿ ನಾನು ಒಬ್ಬ ದೈತ್ಯನ ಹೊಟ್ಟೆಯೊಳಗೆ ಮೊಣಕಾಲು ಮಡಚಿಕೊಂಡು ಇಡೀ ರಾತ್ರಿ ಕುಳಿತಿದ್ದೆ. ಹೊರಗೆ ಧ್ವನಿವರ್ಧಕದಲ್ಲಿ ದೇವಿಯ ಮಾತು ಮುಗಿದು ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಮನಸ್ಸಿನಲ್ಲಿ ಎಂಟು ಎಣಿಸಿಕೊಂಡು ಲಿವರ್ ಎಳೆಯಬೇಕು. ಒಂದು ಎಣಿಕೆ ಮುಂಚಿತವಾದರೆ ತ್ರಿಶೂಲ ತಾಗುವ ಮೊದಲೇ ದೈತ್ಯ ಬೀಳುತ್ತಾನೆ, ಜನ ನಗುತ್ತಾರೆ. ಮೊದಲ ಪ್ರಯೋಗದಲ್ಲಿ ನಾನು ಸರ್ರನೆ ಎಳೆದುಬಿಟ್ಟಾಗ ಅಪ್ಪ ಹೊರಗಿನಿಂದ ತಗಡನ್ನು ತಟ್ಟಿ, “ಹಾಗಲ್ಲ ಮಗ, ಅವನಿಗೆ ತೂಕ ಉಂಟು. ತೂಕ ಇರುವವನು ಹಾಗೆ ಬೀಳುವುದಿಲ್ಲ” ಎಂದಿದ್ದರು. ಬಸ್ಸಿನಲ್ಲಿ ನೆನಪಾದದ್ದು ಆ ಮಾತು.

ಆದರೆ ಆಗ ಅದನ್ನು ನಾನು ಪಾಠವೆಂದು ತಿಳಿದಿರಲಿಲ್ಲ. ಪಾಠವೆಂದರೆ ಚಿತ್ರಕಲೆ ಎಂದುಕೊಂಡಿದ್ದೆ. ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳೆರಡನ್ನೂ ಪಾಸು ಮಾಡಿದ್ದೆ. ಟೀವಿಯ ಕಾರ್ಟೂನುಗಳನ್ನು ನೋಡಿ ನೋಟುಪುಸ್ತಕದ ಮೂಲೆಗಳಲ್ಲಿ ಚಿತ್ರ ಬಿಡಿಸಿ, ಹಾಳೆಗಳನ್ನು ಬೆರಳಿನಿಂದ ಸರ್ರೆಂದು ಬಿಟ್ಟು ಓಡಿಸುತ್ತಿದ್ದೆ. 2014ರಲ್ಲಿ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ಮುಗಿದಾಗ, ಮನೆಯಲ್ಲಿ ಎಲ್ಲರೂ ಬಿಕಾಂ ಎಂದರೆ ನಾನು ಅನಿಮೇಶನ್ ಎಂದೆ. “ಗೊಂಬೆಚಿತ್ರ ಬಿಡಿಸಿದರೆ ಯಾರು ಸಂಬಳ ಕೊಡುತ್ತಾರೆ ಮಾರಾಯ?” ಎಂದು ಸೋದರಮಾವ ಕೇಳಿದರು. ಅದು ಕುಹಕವಲ್ಲ, ನಿಜವಾದ ಪ್ರಶ್ನೆಯೇ ಆಗಿತ್ತು. ಅದಕ್ಕೆ ಉತ್ತರ ಕೊಡಬಲ್ಲವರು ನಮ್ಮ ಪರಿಚಯದಲ್ಲಿ ಒಬ್ಬರೂ ಇರಲಿಲ್ಲ. ನನ್ನ ಬಳಿ ಇದ್ದ ಒಂದೇ ಆಧಾರವೆಂದರೆ, ಕರ್ನಾಟಕ ಸರ್ಕಾರ 2012ರಲ್ಲಿ ಅನಿಮೇಶನ್ ಮತ್ತು ಗೇಮಿಂಗ್ ಉದ್ಯಮಕ್ಕಾಗಿಯೇ ಒಂದು ನೀತಿಯನ್ನು ಪ್ರಕಟಿಸಿದ್ದ ಸುದ್ದಿಯ ಪತ್ರಿಕಾ ತುಣುಕು. ಮಾವ ಅದನ್ನು ಓದಿ, ಮಡಚಿ, ಹಿಂದಿರುಗಿಸಿದರು.

ಮೈಸೂರಿನ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, ವಿದೇಶಿ ಚಲನಚಿತ್ರಗಳ ತುಣುಕುಗಳನ್ನು ದೊಡ್ಡ ಪರದೆಯ ಮೇಲೆ ತೋರಿಸಿ, ನೂರಕ್ಕೆ ನೂರು ಉದ್ಯೋಗದ ಭರವಸೆ ಎಂದರು. ಎರಡು ವರ್ಷಕ್ಕೆ 1 ಲಕ್ಷ 80 ಸಾವಿರ ರೂಪಾಯಿ, ಕಂತಿನಲ್ಲಿ. ಅಪ್ಪ ತಮ್ಮ ಜೀವನದಲ್ಲಿ ಕಂತು ಕಟ್ಟಿದ್ದು ವೆಲ್ಡಿಂಗ್ ಯಂತ್ರಕ್ಕೆ ಮಾತ್ರ, ಎರಡನೆಯದು ನನಗಾಯಿತು. ಈಗ ಯೋಚಿಸಿದರೆ, ಅಂದು ನಾವು ಕೇಳಬೇಕಾಗಿದ್ದ ಪ್ರಶ್ನೆ ಒಂದೇ: ಇಲ್ಲಿ ಕಲಿಸುವವರು ಸ್ವತಃ ಎಷ್ಟು ಶಾಟುಗಳನ್ನು ಅನಿಮೇಟ್ ಮಾಡಿದ್ದಾರೆ, ಅವನ್ನು ನೋಡಬಹುದೇ? ನಾವು ಕೇಳಿದ್ದು ಹಾಸ್ಟೆಲಿನ ಊಟದ ಬಗ್ಗೆ. ಅದೇ ಮೈಸೂರಿನಲ್ಲಿ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಇದೆ, ಅಲ್ಲಿ ಮಾದರಿಯನ್ನು ಎದುರಿಗೆ ನಿಲ್ಲಿಸಿಕೊಂಡು ವರ್ಷಗಟ್ಟಲೆ ಚಿತ್ರ ಬರೆಸುತ್ತಾರೆ ಎಂಬುದು ನಮಗೆ ಹೊಳೆಯಲೇ ಇಲ್ಲ. ಚಿತ್ರಕಲೆ ಹಳೆಯ ಕಾಲದ್ದು, ಸಾಫ್ಟ್‌ವೇರ್ ಹೊಸ ಕಾಲದ್ದು ಎಂದು ನಾವೇ ತೀರ್ಮಾನಿಸಿಕೊಂಡಿದ್ದೆವು.

ಆ ಎರಡು ವರ್ಷಗಳಲ್ಲಿ ಫೋಟೊಶಾಪ್, ಫ್ಲ್ಯಾಶ್, ಆಫ್ಟರ್ ಎಫೆಕ್ಟ್ಸ್, ಮ್ಯಾಕ್ಸ್, ಮಾಯಾ ಎಂಬ ಸಾಫ್ಟ್‌ವೇರುಗಳೆಲ್ಲವನ್ನೂ ಒಂದೊಂದು ಕೈ ನೋಡಿದೆವು. ಪಾತ್ರವೊಂದನ್ನು ರೂಪಿಸುವುದು ಮಾಡೆಲಿಂಗ್, ಅದರೊಳಗೆ ಎಲುಬು ಕೀಲುಗಳನ್ನಿಡುವುದು ರಿಗ್ಗಿಂಗ್, ಅದನ್ನು ಆಡಿಸುವುದು ಅನಿಮೇಶನ್, ಬೆಳಕು ಕೊಡುವುದು ಲೈಟಿಂಗ್, ಎಲ್ಲವನ್ನೂ ಒಂದು ಚೌಕಟ್ಟಿನಲ್ಲಿ ಸೇರಿಸುವುದು ಕಂಪೋಸಿಟಿಂಗ್. ದೊಡ್ಡ ಸ್ಟುಡಿಯೋಗಳಲ್ಲಿ ಇವು ಬೇರೆ ಬೇರೆ ವೃತ್ತಿಗಳು, ಒಬ್ಬೊಬ್ಬರು ಒಂದೊಂದನ್ನೇ ಜೀವನಪೂರ್ತಿ ಮಾಡುತ್ತಾರೆ. ನಮಗೆ ಎಲ್ಲವನ್ನೂ ಕಲಿಸಿದ ಕಾರಣ ಯಾವುದೂ ಬರಲಿಲ್ಲ. ಅದರಲ್ಲಿಯೂ ಅನಿಮೇಶನ್ ಎಂಬ ಭಾಗಕ್ಕೆ ಸಿಕ್ಕಿದ್ದು ಸುಮಾರು ಏಳು ವಾರ. ಪ್ರಮಾಣಪತ್ರ ಕೈಗೆ ಬಂದಾಗ ಅದಕ್ಕೆ ಚೌಕಟ್ಟು ಹಾಕಿಸಿ ಅಮ್ಮ ಗೋಡೆಗೆ ನೇತುಹಾಕಿದರು. ಈ ಉದ್ಯಮದಲ್ಲಿ ಇಂದಿನವರೆಗೆ ಆ ಪತ್ರವನ್ನು ತೋರಿಸಿ ಎಂದು ಯಾರೂ ಕೇಳಿಲ್ಲ. ಎಲ್ಲರೂ ಕೇಳುವುದು ಶೋರೀಲನ್ನು ಮಾತ್ರ.

ಭರವಸೆ ಕೊಟ್ಟಿದ್ದ ಉದ್ಯೋಗ ಸಿಕ್ಕಿದ್ದು ನಿಜ. 2016ರಲ್ಲಿ ಬೆಂಗಳೂರಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ರೋಟೊ ಕಲಾವಿದನಾಗಿ ತಿಂಗಳಿಗೆ 11 ಸಾವಿರಕ್ಕೆ ಸೇರಿದೆ, ಜೊತೆಗೆ ಎರಡು ವರ್ಷ ಬಿಡುವಂತಿಲ್ಲ ಎಂಬ ಬಾಂಡು. ರೋಟೊ ಎಂದರೆ ಕ್ಯಾಮೆರಾದಲ್ಲಿ ತೆಗೆದ ದೃಶ್ಯದಲ್ಲಿರುವ ನಟನ ಅಂಚನ್ನು ಒಂದೊಂದು ಫ್ರೇಮಿಗೂ, ಎಂದರೆ ಒಂದೊಂದು ಬಿಡಿ ಚಿತ್ರಕ್ಕೂ, ಗೆರೆ ಎಳೆದು ಬೇರ್ಪಡಿಸುವ ಕೆಲಸ. ಸೆಕೆಂಡಿಗೆ 24 ಫ್ರೇಮ್, ಕೂದಲು ಹಾರುತ್ತಿದ್ದರೆ ಕೂದಲಿಗೂ ಗೆರೆ. ಮನೆಯವರು ಫೋನಿನಲ್ಲಿ ಯಾವ ಸಿನಿಮಾ ಎಂದು ಕೇಳುತ್ತಿದ್ದರು. ಹೇಳುವಂತಿರಲಿಲ್ಲ, ಹೇಳಿದ್ದರೂ ನಾನು ಮಾಡಿದ್ದು ಒಬ್ಬ ನಾಯಕಿಯ ಎಡ ಭುಜದ ಅಂಚು. ಈ ಕೆಲಸವನ್ನು ಅನಿಮೇಶನ್ ಎಂದು ನಂಬಿಸಿ ಕರೆದುಕೊಂಡದ್ದರ ಬಗ್ಗೆ ನನಗೆ ಬಹಳ ದಿನ ಸಿಟ್ಟಿತ್ತು. ಹಾಗೆಂದು ಅದು ಪೂರಾ ವ್ಯರ್ಥವಾಗಲಿಲ್ಲ. ಮನುಷ್ಯರು ತಿರುಗುವಾಗ ಮೊದಲು ಕಣ್ಣು, ಆಮೇಲೆ ತಲೆ, ಆಮೇಲೆ ಭುಜ, ಕೊನೆಗೆ ಸೊಂಟ ಹೊರಳುವುದನ್ನು ಸಾವಿರಾರು ಫ್ರೇಮುಗಳಲ್ಲಿ ಗೆರೆ ಎಳೆದೆಳೆದು ನೋಡಿದ್ದೆ. ನೋಡಿದ್ದನ್ನು ಬಳಸುವ ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ. ಆ ಬುದ್ಧಿಯಿಲ್ಲದೆ ಮಾಡಿದ ರೀಲನ್ನೇ ನಾನು 2018ರ ಜನವರಿಯಲ್ಲಿ ಹಿಡಿದುಕೊಂಡು ಹೋದದ್ದು.

ಅವಮಾನ ಕಳೆದ ಮೇಲೆ ಚೆಂಡನ್ನು ಹಿಡಿದೆ. ಮಾಯಾಕ್ಕೆ ಕೊಡಲು ದುಡ್ಡಿರಲಿಲ್ಲವಾದ್ದರಿಂದ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಸಾಫ್ಟ್‌ವೇರನ್ನು ಹಳೆಯ ಕಂಪ್ಯೂಟರಿಗೆ ಹಾಕಿಕೊಂಡೆ. ಚೆಂಡಿಗೆ ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ. ಅದರಲ್ಲಿ ಇರುವುದು ಎರಡೇ ವಿಷಯ. ಒಂದು ನೆಗೆತಕ್ಕೆ ಎಷ್ಟು ಫ್ರೇಮ್ ಹಿಡಿಯುತ್ತದೆ ಎಂಬುದು ಒಂದು, ಆ ಫ್ರೇಮುಗಳಲ್ಲಿ ಚೆಂಡು ಎಲ್ಲೆಲ್ಲಿ ಇರುತ್ತದೆ ಎಂಬುದು ಇನ್ನೊಂದು. ತುದಿಯಲ್ಲಿ ಚೆಂಡು ತಡೆದು ನಿಂತಂತೆ ಇರುವುದರಿಂದ ಅಲ್ಲಿ ಗುರುತುಗಳು ಒತ್ತೊತ್ತಾಗಿ ಬೀಳಬೇಕು, ನೆಲದ ಹತ್ತಿರ ದೂರ ದೂರವಾಗಬೇಕು. ಡಿಸ್ನಿಯ ಹಳೆಯ ಅನಿಮೇಟರುಗಳು ಗುರುತಿಸಿದ ಹನ್ನೆರಡು ತತ್ವಗಳಲ್ಲಿ ನಿಧಾನವಾಗಿ ಹೊರಡುವುದು ಮತ್ತು ನಿಧಾನವಾಗಿ ನಿಲ್ಲುವುದು ಎಂಬುದೂ ಒಂದು. ಕೋರ್ಸಿನಲ್ಲಿ ಆ ಹನ್ನೆರಡನ್ನೂ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ರಬ್ಬರು ಚೆಂಡು, ಕ್ರಿಕೆಟ್ ಚೆಂಡು, ಕಬ್ಬಿಣದ ಗುಂಡು, ಬಲೂನು ಈ ನಾಲ್ಕೂ ಒಂದೇ ಗಾತ್ರ, ಒಂದೇ ಬೂದು ಬಣ್ಣದಲ್ಲಿದ್ದರೂ ನೋಡಿದವರು ಯಾವುದು ಯಾವುದೆಂದು ಹೇಳುವಂತಾಗಲು ನನಗೆ ಐದು ವಾರ ಬೇಕಾಯಿತು. ಕೆಲಸದಿಂದ ಬಂದು ರಾತ್ರಿ ಹತ್ತರಿಂದ ಒಂದರವರೆಗೆ ಕೂರುತ್ತಿದ್ದೆ.

ಚೆಂಡಿನ ನಂತರ ಲೋಲಕ, ಲೋಲಕದ ನಂತರ ಬಾಲವಿರುವ ಚೆಂಡು, ಅದರ ನಂತರ ಎರಡು ಕಾಲು ಮಾತ್ರ ಇರುವ ಒಂದು ಪೆಟ್ಟಿಗೆ. ಹೀಗೆ ಎರಡು ವರ್ಷ ಕಳೆಯಿತು. ನಡುವೆ 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದಾಗ, ಮನೆಗೆ ಎರಡು ದಿನ ಫೋನು ಸಿಗದೆ, ಯಾರೋ ವಿದೇಶಿ ನಟ ನಕಲಿ ಮಳೆಯಲ್ಲಿ ನೆನೆಯುತ್ತಿದ್ದ ಶಾಟಿಗೆ ಗೆರೆ ಎಳೆಯುತ್ತ ಕುಳಿತಿದ್ದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾರೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗುವ ಎರಡು ದಿನ ಮುಂಚೆ ಕಂಪ್ಯೂಟರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಊರಿಗೆ ಬಂದೆ. ಮೇ ತಿಂಗಳಲ್ಲಿ ಸ್ಟುಡಿಯೋದಿಂದ ಸಂಬಳ ನಿಂತಿತು. ಅನಿಮೇಶನ್ ಕಲಿಯುವವನಿಗೆ ಮಡಿಕೇರಿಯ ಮಳೆಗಾಲ ಒಳ್ಳೆಯ ಗುರುವಲ್ಲ. ಜೂನ್ ಬಂತೆಂದರೆ ಮರ ಬಿದ್ದು ಕರೆಂಟು ಹೋಗುತ್ತದೆ, ಬಂದರೂ ವೋಲ್ಟೇಜು ನಿಲ್ಲುವುದಿಲ್ಲ, ಯುಪಿಎಸ್ ಕೂಗಿ ಕೂಗಿ ಸುಮ್ಮನಾಗುತ್ತದೆ. ಬೇರೆ ದಾರಿಯಿಲ್ಲದೆ ಪೆನ್ಸಿಲಿಗೆ ಮರಳಿದೆ. ಕೈಯಿಂದ ಬರೆಯುವಾಗ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿಯುವುದು ರೂಢಿ, ಆದ್ದರಿಂದ ಒಂದು ಸೆಕೆಂಡಿಗೆ 12 ಚಿತ್ರ ಸಾಕು. ಸೀಮೆಎಣ್ಣೆಯ ದೀಪದಲ್ಲಿ ಅಲ್ಲ, ಎಮರ್ಜೆನ್ಸಿ ಲ್ಯಾಂಪಿನಲ್ಲಿ, ಕಿಟಕಿಯ ಹೊರಗೆ ಕೆಸುವಿನ ಎಲೆಯ ಮೇಲೆ ನೀರು ಕೂಡಿ ಕೂಡಿ ಎಲೆ ತಲೆಬಾಗಿಸಿ ಸುರಿದು ಮತ್ತೆ ಏಳುವುದನ್ನು ಬರೆದೆ. ಎಲೆ ಒಮ್ಮೆಲೇ ಮೇಲೇಳುವುದಿಲ್ಲ; ತನ್ನ ಜಾಗಕ್ಕಿಂತ ತುಸು ಮೇಲೆ ಹೋಗಿ, ಅಲ್ಲಿಂದ ಇಳಿದು, ಎರಡು ಬಾರಿ ತೂಗಿ ನಿಲ್ಲುತ್ತದೆ. ಆ ಮಳೆಗಾಲದಲ್ಲಿ ಬರೆದ ಹದಿನೆಂಟು ಚಿತ್ರಗಳ ಆ ಎಲೆಯೇ ನಾನು ಮಾಡಿದ ಮೊದಲ ನಿಜವಾದ ಅನಿಮೇಶನ್ ಎಂದು ನನ್ನ ಲೆಕ್ಕ.

ದುಬಾರೆ ಆನೆ ಶಿಬಿರ ಸಂದರ್ಶಕರಿಗೆ ಮತ್ತೆ ತೆರೆದ ಮೇಲೆ, ಗೆಳೆಯನ ಬೈಕಿನಲ್ಲಿ ಅಲ್ಲಿಗೆ ಹೋಗಲು ಆರಂಭಿಸಿದೆ. ರೀಲಿಗೆ ಒಂದು ಆನೆಯ ನಡಿಗೆ ಮಾಡಬೇಕೆಂಬ ಹಟ ಹಿಡಿದಿತ್ತು. ತೂಕವಿಲ್ಲ ಎಂದವರಿಗೆ ನೆಲದ ಮೇಲೆ ನಡೆಯುವ ಅತಿ ಭಾರದ ಪ್ರಾಣಿಯನ್ನೇ ತೋರಿಸುತ್ತೇನೆ ಎಂಬ ಹುಡುಗುತನವೂ ಅದರಲ್ಲಿತ್ತು. ದೋಣಿಯಲ್ಲಿ ಕಾವೇರಿ ದಾಟಿ, ಬೆಳಗಿನ ಸ್ನಾನಕ್ಕೆ ಆನೆಗಳು ಹೊಳೆಗೆ ಇಳಿಯುವಲ್ಲಿ ನಿಂತು, ಬದಿಯಿಂದ, ಹಿಂದಿನಿಂದ, ಎದುರಿನಿಂದ ಫೋನಿನಲ್ಲಿ ಚಿತ್ರೀಕರಿಸಿಕೊಂಡೆ. ಮನೆಗೆ ಬಂದು ಫ್ರೇಮ್ ಫ್ರೇಮಾಗಿ ಎಣಿಸಿದೆ. ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು: ನಡಿಗೆಯ ಕ್ರಮ ಇದು. ಹಿಂಗಾಲು ಬಹುಮಟ್ಟಿಗೆ ಮುಂಗಾಲು ಆಗಷ್ಟೇ ಬಿಟ್ಟ ಜಾಗದಲ್ಲಿಯೇ ಊರುತ್ತದೆ. ನಾನು ತೆಗೆದುಕೊಂಡ ಒಂದು ಮುದಿ ಆನೆ ನಾಲ್ಕು ಕಾಲನ್ನೂ ಒಂದು ಸುತ್ತು ಮುಗಿಸಲು 50 ಫ್ರೇಮಿಗೂ ಹೆಚ್ಚು ತೆಗೆದುಕೊಳ್ಳುತ್ತಿತ್ತು, ಎಂದರೆ ಎರಡು ಸೆಕೆಂಡಿಗೂ ಮೀರಿ. 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯ ನಾಲ್ಕೂ ಕಾಲು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂದು ತೋರಿಸಿದ್ದು ಅನಿಮೇಶನ್ ಕಲಿಯುವ ಎಲ್ಲರಿಗೂ ಗೊತ್ತು. ಆನೆಗೆ ಅಂಥ ಕ್ಷಣವಿಲ್ಲ. ಎಷ್ಟೇ ಬಿರುಸಾಗಿ ಹೋದರೂ ಅದರ ಒಂದು ಕಾಲಾದರೂ ನೆಲದಲ್ಲಿ ಇರುತ್ತದೆ.

ಮೊದಲ ಎರಡು ತಿಂಗಳು ನನ್ನ ಆನೆ ನಾಲ್ಕು ಕಂಬಗಳ ಮೇಲೆ ಇಟ್ಟ ಸೋಫಾದಂತೆ ಕಾಣುತ್ತಿತ್ತು. ಕಾಲುಗಳ ಕ್ರಮ ಸರಿಯಿತ್ತು, ಫ್ರೇಮಿನ ಎಣಿಕೆ ಸರಿಯಿತ್ತು, ಆದರೂ ಸುಳ್ಳು. ದುಬಾರೆಯಲ್ಲಿ ಆನೆಗೆ ಹುಲ್ಲು ಕಟ್ಟುತ್ತಿದ್ದ ಕಾವಾಡಿಯೊಬ್ಬರಿಗೆ ಫೋನಿನಲ್ಲಿ ಅದನ್ನು ತೋರಿಸಿದೆ. ಅವರು ಮುಗುಳ್ನಕ್ಕು, “ಇದರ ಪಾದ ಕಲ್ಲಿನದಾ?” ಎಂದು ಕೇಳಿ, ಪಕ್ಕದಲ್ಲಿ ನಿಂತಿದ್ದ ಆನೆ ಕಾಲೆತ್ತಿ ಊರುವವರೆಗೆ ನನ್ನನ್ನು ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂರಿಸಿದರು. ಭಾರ ಬಿದ್ದಾಗ ಪಾದದ ಅಂಚು ಹರಡುತ್ತದೆ, ಎತ್ತಿದಾಗ ಕುಗ್ಗುತ್ತದೆ. ಹಾಗಾಗಿಯೇ ಅಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ನಡೆಯುವುದು, ಕೆಸರಿನಲ್ಲಿ ಕಾಲು ಸಿಕ್ಕಿಕೊಳ್ಳದೆ ಬರುವುದು. ಜಾರುವ ಕಡೆಯಲ್ಲಿ ಅದು ಕಾಲಿಡುವ ಮೊದಲು ಸೊಂಡಿಲಿನಿಂದ ನೆಲವನ್ನು ಮುಟ್ಟಿ ನೋಡುತ್ತದೆ ಎಂಬುದನ್ನೂ ಅವರೇ ತೋರಿಸಿದರು. ಮನೆಗೆ ಬಂದು ಪಾದಗಳಿಗೆ ಹರಡಿಕೊಳ್ಳುವ ನಿಯಂತ್ರಣ ಕೊಟ್ಟೆ, ಸೊಂಡಿಲನ್ನು ತಲೆಗಿಂತ ಆರು ಫ್ರೇಮ್ ಹಿಂದಿಟ್ಟೆ. ಸ್ವಲ್ಪ ಜೀವ ಬಂತು, ಭಾರ ಬರಲಿಲ್ಲ.

ಒಂದು ಸಂಜೆ ಅಪ್ಪ ಶೆಡ್ಡಿನಿಂದ ಬಂದು, ಕೈ ತೊಳೆಯುವುದಕ್ಕೂ ಮೊದಲು ನನ್ನ ಹಿಂದೆ ನಿಂತು ನಾಲ್ಕೈದು ಸಲ ಅದು ನಡೆಯುವುದನ್ನು ನೋಡಿದರು. ಅವರು ಎಂದೂ ನನ್ನ ಕೆಲಸದ ಬಗ್ಗೆ ಅಭಿಪ್ರಾಯ ಹೇಳಿದವರಲ್ಲ. “ಕಾಲು ನೆಲ ಮುಟ್ಟಿದ ಕೂಡಲೇ ಬೆನ್ನು ಇಳಿಯುತ್ತಾ ಉಂಟಲ್ಲ, ಅದು ತಪ್ಪು. ಕಾಲು ಮೊದಲು ತಡೆಯುತ್ತದೆ. ಮೈಯ ಭಾರ ಆಮೇಲೆ ಬಂದು ಕೂರುತ್ತದೆ. ಟ್ರಾಲಿಯ ಮೇಲೆ ಮೂರ್ತಿ ಇಳಿಸುವಾಗ ನೋಡಲಿಲ್ಲವಾ ನೀನು? ಟಯರು ಮುಟ್ಟುವುದು ಒಂದು, ಟಯರು ಅಮರುವುದು ಇನ್ನೊಂದು” ಎಂದರು. ನಾನು ಭುಜ ಮತ್ತು ಸೊಂಟ ಇಳಿಯುವುದನ್ನು ಪಾದ ಊರಿದ ಮೇಲೆ ನಾಲ್ಕು ಫ್ರೇಮ್ ಮುಂದಕ್ಕೆ ತಳ್ಳಿದೆ. ನಾಲ್ಕು ಫ್ರೇಮ್ ಎಂದರೆ ಒಂದು ಸೆಕೆಂಡಿನ ಆರನೆಯ ಒಂದು ಭಾಗ. ಆನೆ ಆ ಕ್ಷಣದಿಂದ ನೆಲದ ಮೇಲೆ ನಡೆಯತೊಡಗಿತು.

ಅದೇ ಹೊತ್ತಿಗೆ ಪರದೆಯ ಇನ್ನೊಂದು ಭಾಗದಲ್ಲಿ ಗ್ರಾಫ್ ಎಡಿಟರ್ ತೆರೆದಿತ್ತು. ವಸ್ತುವಿನ ಜಾಗ ಫ್ರೇಮಿನಿಂದ ಫ್ರೇಮಿಗೆ ಬದಲಾಗುವುದನ್ನು ಗೆರೆಯ ರೂಪದಲ್ಲಿ ತೋರಿಸುವ ಕಿಟಕಿ ಅದು. ಇದು ಎಂತದು ಎಂದು ಅಪ್ಪ ಕೇಳಿದರು. ತೋಳೊಂದು ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುವುದನ್ನು ತೋರಿಸುವ ಆ ಅಲೆಯಂಥ ಗೆರೆಯನ್ನು ವಿವರಿಸಿದೆ. ಅವರು ಮೇಜಿನ ಮೇಲೆ ಬೆರಳಿನಿಂದ ಒಂದು ಚಕ್ರ ಬರೆದು, ಅಂಚಿನ ಬೋಲ್ಟು ಸುತ್ತು ಬರುವಾಗ ಸರಳಿನ ತುದಿ ಹೇಗೆ ಸರಿಯುತ್ತದೆ ಎಂದು ತೋರಿಸಿದರು. ಎರಡೂ ಒಂದೇ ಗೆರೆ. ನಾನು ಎರಡು ವರ್ಷಕ್ಕೆ 1 ಲಕ್ಷ 80 ಸಾವಿರ ಕೊಟ್ಟ ಕಡೆಯಲ್ಲಿ ಇದನ್ನು ಹೇಳುವವರಿರಲಿಲ್ಲ ಎಂದು ನೆನೆದು ಆಗ ನಗು ಬಂತು, ಆಮೇಲೆ ಅಷ್ಟಾಗಿ ಬರಲಿಲ್ಲ.

ಹೊಸ ಶೋರೀಲು 42 ಸೆಕೆಂಡಿನದು. ಅದರಲ್ಲಿ ಸ್ಫೋಟವಿಲ್ಲ, ಸಂಗೀತವಿಲ್ಲ: ಎಲೆ, ಆನೆ, ಬಸ್ಸಿನಲ್ಲಿ ತೂಕಡಿಸುವ ಒಬ್ಬ ಮುದುಕಿ, ಅಷ್ಟೇ. 2021ರಲ್ಲಿ ಇಪ್ಪತ್ತೆರಡು ಕಡೆಗೆ ಕಳುಹಿಸಿದೆ, ಮೂರು ಕಡೆಯಿಂದ ಉತ್ತರ ಬಂತು, ಒಂದು ಕಡೆಯವರು ಪರೀಕ್ಷೆಗೆಂದು ಒಂದು ಶಾಟು ಕೊಟ್ಟರು. ಒಬ್ಬ ಮನುಷ್ಯ ಭಾರದ ಚೀಲವನ್ನೆತ್ತಿ ಮೇಜಿನ ಮೇಲೆ ಇಡಬೇಕು. ಒಂದು ವಾರ ಸಮಯ. ನಾನೇ ಎತ್ತುವುದನ್ನು ಫೋನಿನಲ್ಲಿ ಚಿತ್ರೀಕರಿಸಿಕೊಂಡು ಅದನ್ನು ನೋಡಿ ಮಾಡುವುದು ಎಲ್ಲರೂ ಅನುಸರಿಸುವ ಕ್ರಮ. ಮೊದಲು ದಿಂಬು ತುಂಬಿದ ಚೀಲವನ್ನು ಭಾರವಿರುವಂತೆ ನಟಿಸಿ ಎತ್ತಿದೆ. ನಟನೆಯಲ್ಲಿ ನಾನು ಮುಖ ಕಿವುಚಿದ್ದೆ, ಹಲ್ಲು ಕಚ್ಚಿದ್ದೆ, ಬೆನ್ನು ಮಾತ್ರ ನೆಟ್ಟಗಿತ್ತು. ಮಾರನೆಯ ದಿನ ಪರಿಚಯದವರ ಕಣದಲ್ಲಿ 50 ಕಿಲೋದ ಕಾಫಿ ಮೂಟೆಯನ್ನು ನಿಜವಾಗಿಯೂ ಎತ್ತಿದೆ. ಆಗ ಮುಖದಲ್ಲಿ ಏನೂ ಇರಲಿಲ್ಲ. ಎತ್ತುವ ಮೊದಲು ಪಾದಗಳು ಎರಡು ಸಲ ಜಾಗ ಹುಡುಕಿದವು, ಮೂಟೆ ಮೈಗೆ ಅಂಟಿಕೊಂಡಿತು, ಸೊಂಟ ಮೂಟೆಯ ವಿರುದ್ಧ ದಿಕ್ಕಿಗೆ ಹೋಯಿತು, ಇಟ್ಟ ಮೇಲೆ ಕೈಗಳು ಕೂಡಲೇ ಬಿಡಲಿಲ್ಲ. ಅದನ್ನೇ ಮಾಡಿದೆ. ಕೆಲಸ ಸಿಕ್ಕಿತು. ಎರಡು ದಿನ ಬೆನ್ನು ನೋವಿತ್ತು ಎಂಬುದನ್ನು ಸಂದರ್ಶನದಲ್ಲಿ ಹೇಳಲಿಲ್ಲ.

ಜೂನಿಯರ್ ಅನಿಮೇಟರನ ದಿನಚರಿ ಹೊರಗಿನವರು ಊಹಿಸುವಷ್ಟು ರಂಜಕವಲ್ಲ. ವಿದೇಶಿ ವಾಹಿನಿಯೊಂದರ ಮಕ್ಕಳ ಸರಣಿ. ಕಥೆ, ಸ್ಟೋರಿಬೋರ್ಡು, ಧ್ವನಿ ಎಲ್ಲ ಹೊರಗಿನಿಂದ ಸಿದ್ಧವಾಗಿ ಬರುತ್ತಿತ್ತು, ಪಾತ್ರಗಳನ್ನು ಆಡಿಸುವುದು ಮಾತ್ರ ನಮ್ಮ ಕೆಲಸ. ದಿನಕ್ಕೆ ಐದರಿಂದ ಏಳು ಸೆಕೆಂಡು ಮುಗಿಸಬೇಕೆಂಬ ಲೆಕ್ಕ ನನಗಿತ್ತು. ಮೊದಲು ಮುಖ್ಯ ಭಂಗಿಗಳನ್ನು ಮಾತ್ರ ಇಟ್ಟು ತೋರಿಸುವ ಬ್ಲಾಕಿಂಗ್, ಅದು ಒಪ್ಪಿಗೆಯಾದ ಮೇಲೆ ನಡುವಿನ ಚಲನೆಯನ್ನು ತುಂಬಿ ನಯಗೊಳಿಸುವುದು, ಆಮೇಲೆ ನಿರ್ದೇಶಕರ ಟಿಪ್ಪಣಿ, ರೀಟೇಕು, ಮತ್ತೊಂದು ರೀಟೇಕು. ತುಟಿಚಲನೆಯಲ್ಲಿ ನನಗೊಂದು ತೊಡಕಿತ್ತು: ಪ್ರತಿ ಅಕ್ಷರಕ್ಕೂ ಬಾಯಿ ತೆರೆದು ಮುಚ್ಚುತ್ತಿದ್ದೆ. ಕನ್ನಡವನ್ನು ಅಕ್ಷರ ಅಕ್ಷರವಾಗಿ ಓದಿ ಬೆಳೆದ ಅಭ್ಯಾಸವೋ ಏನೋ. ತುಟಿ ಕೂಡಲೇಬೇಕಾದ ಪ, ಬ, ಮಗಳನ್ನು ಮಾತ್ರ ಬಿಡದೆ ಹಿಡಿದು ಉಳಿದವನ್ನು ಒಂದರೊಳಗೊಂದು ಕರಗಿಸಬೇಕು ಎಂದು ತಂಡದ ಹಿರಿಯಕ್ಕ ಒಬ್ಬರು ಹೇಳಿಕೊಟ್ಟರು. ಆರಂಭದ ಸಂಬಳ 24 ಸಾವಿರ. ಮೂರನೆಯ ವರ್ಷಕ್ಕೆ 41 ಸಾವಿರ. ಸೋದರಮಾವನಿಗೆ ಆ ಅಂಕಿಯನ್ನು ಹೇಳಿದಾಗ ಅವರು, “ಪರವಾಗಿಲ್ಲ, ಆದರೆ ಪರ್ಮನೆಂಟಾ?” ಎಂದು ಕೇಳಿದರು.

ಆ ಪ್ರಶ್ನೆಯೂ ಸರಿಯಾಗಿಯೇ ಇತ್ತು. ಸ್ಟುಡಿಯೋಗಳು ನಡೆಯುವುದು ಯೋಜನೆಗಳ ಮೇಲೆ. ಸರಣಿ ಮುಗಿದರೆ ಮುಂದಿನ ಸರಣಿ ಬರುವವರೆಗೆ ಜನರನ್ನು ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. 2024ರ ಕೊನೆಯಲ್ಲಿ ನನ್ನ ಒಪ್ಪಂದ ಮುಗಿಯಿತು, ನವೀಕರಣವಾಗಲಿಲ್ಲ. ಹೊಸದನ್ನು ಹುಡುಕುತ್ತಿರುವಾಗಲೇ 2025ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ದೊಡ್ಡ ನೆಲೆಯಿದ್ದ ವಿದೇಶಿ ಮೂಲದ ಸಂಸ್ಥೆಯೊಂದು ಇದ್ದಕ್ಕಿದ್ದಂತೆ ಬಾಗಿಲು ಮುಚ್ಚಿ, ಭಾರತದಲ್ಲಿಯೇ ಸಾವಿರಾರು ಮಂದಿ ಕೆಲಸ ಕಳೆದುಕೊಂಡರು. ನನಗಿಂತ ಹತ್ತು ವರ್ಷ ಹೆಚ್ಚು ಅನುಭವವಿದ್ದವರು ನಾನು ಅರ್ಜಿ ಹಾಕಿದ ಜಾಗಗಳಿಗೇ ಅರ್ಜಿ ಹಾಕುತ್ತಿದ್ದರು. ನಾಲ್ಕು ತಿಂಗಳ ಬಾಡಿಗೆ ಕಟ್ಟಿದ ಮೇಲೆ ಕೋಣೆ ಖಾಲಿ ಮಾಡಿ ಊರಿಗೆ ಬಂದೆ. ಈಗ ಮನೆಯಿಂದಲೇ ಬಿಡಿ ಕೆಲಸಗಳನ್ನು ಮಾಡುತ್ತಿದ್ದೇನೆ: ಜಾಹೀರಾತು, ಪಾಠದ ವಿಡಿಯೋ, ಒಮ್ಮೊಮ್ಮೆ ಗೇಮುಗಳಿಗೆ ಪ್ರಾಣಿಗಳ ನಡಿಗೆ. ಕೆಲವು ತಿಂಗಳು ಹಿಂದಿನ ಸಂಬಳಕ್ಕಿಂತ ಹೆಚ್ಚು ಬರುತ್ತದೆ, ಕೆಲವು ತಿಂಗಳು ಏನೂ ಬರುವುದಿಲ್ಲ. ಅರ್ಧ ಹಣ ಮುಂಗಡ ಬಾರದೆ ಫೈಲು ತೆರೆಯುವುದಿಲ್ಲ ಎಂಬ ನಿಯಮವನ್ನು ಎರಡು ಸಲ ಮೋಸಹೋದ ಮೇಲೆ ಮಾಡಿಕೊಂಡೆ.

ಊರಿನಲ್ಲಿ ಈಗ ಪಿಯುಸಿ ಮುಗಿಸಿದ ಮಕ್ಕಳನ್ನು ಕರೆದುಕೊಂಡು ಕೆಲವರು ಮನೆಗೆ ಬರುತ್ತಾರೆ. ಯಾವ ಕೋರ್ಸು ಎಂದು ತಂದೆ ಕೇಳುತ್ತಾರೆ, ಯಾವ ಸಾಫ್ಟ್‌ವೇರ್ ಎಂದು ಮಗ ಕೇಳುತ್ತಾನೆ. ನಾನು ಬ್ಲೆಂಡರ್ ಹಾಕಿಕೊಟ್ಟು, ಮೂರು ತಿಂಗಳು ಚೆಂಡನ್ನೇ ಪುಟಿಸು, ಆಮೇಲೆ ಹಣ ಕಟ್ಟುವ ಮಾತು ಎಂದು ಕಳುಹಿಸುತ್ತೇನೆ. ಇದುವರೆಗೆ ಒಬ್ಬಳು ಹುಡುಗಿ ಮಾತ್ರ ಮರಳಿ ಬಂದಿದ್ದಾಳೆ, ಸೋಮವಾರಪೇಟೆಯ ಕಡೆಯವಳು. ಅವಳ ಚೆಂಡು ಮೆಟ್ಟಿಲು ಇಳಿಯುತ್ತಿತ್ತು, ಕೊನೆಯ ಮೆಟ್ಟಿಲಿನಲ್ಲಿ ಅಂಚಿಗೆ ತಾಗಿ ತುಸು ಬದಿಗೆ ಹೊರಳಿತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಕಳೆದ ದಸರಾಕ್ಕೆ ಮುಂಚೆ, ಅಪ್ಪ ಕೆಲಸ ಮಾಡುವ ಮಂಟಪದ ಸಮಿತಿಯವರು ಈ ಸಲ ಚಕ್ರ, ಸರಳು ಬೇಡ, ಹೈಡ್ರಾಲಿಕ್ ಹಾಕೋಣ ಎಂದರು. ಇಡೀ ಪ್ರಸಂಗವನ್ನು ನಾನು ಬ್ಲೆಂಡರಿನಲ್ಲಿ ಮೊದಲೇ ಮಾಡಿ, ಯಾವ ಮೂರ್ತಿ ಎಷ್ಟನೆಯ ಸೆಕೆಂಡಿಗೆ ಏಳಬೇಕೆಂದು ಧ್ವನಿಯ ಜೊತೆ ಕೂಡಿಸಿ ತೋರಿಸಿದೆ. ಸಮಿತಿಯ ಸಭೆಯಲ್ಲಿ ಲ್ಯಾಪ್‌ಟಾಪಿನ ಸುತ್ತ ಇಪ್ಪತ್ತು ಮಂದಿ ಬಗ್ಗಿ ನೋಡಿದರು. ಆದರೆ ಶೆಡ್ಡಿನಲ್ಲಿ ನಿಜವಾದ ಹೈಡ್ರಾಲಿಕ್ ತೋಳನ್ನು ಓಡಿಸಿದಾಗ ಅದು ಒಂದೇ ವೇಗದಲ್ಲಿ ಮೇಲೇರಿ, ತುದಿಯಲ್ಲಿ ಟಕ್ಕೆಂದು ನಿಂತು, ಇಡೀ ಮೂರ್ತಿ ಅದುರಿತು. ಕೋರ್ಸು ಮುಗಿಸಿದಾಗಿನ ನನ್ನ ಯೋಧ ಹಾಗೆಯೇ ಕತ್ತಿ ಬೀಸುತ್ತಿದ್ದ. ವಾಲ್ವನ್ನು ಹಂತ ಹಂತವಾಗಿ ಮುಚ್ಚಿ ನಿಧಾನಗೊಳಿಸಬಹುದು, ಅದಕ್ಕೆ ಕಂಟ್ರೋಲರ್ ಬೇಕು ಎಂದು ನಾನು ಹೇಳುತ್ತಿರುವಾಗಲೇ ಅಪ್ಪ ಅಟ್ಟದಿಂದ ಹಳೆಯ ಚಕ್ರವನ್ನು ಇಳಿಸಿ, ಬೇರಿಂಗಿಗೆ ಗ್ರೀಸು ಹಚ್ಚತೊಡಗಿದ್ದರು. ಟ್ರಾಲಿಯನ್ನು ಎತ್ತುವುದಕ್ಕೆ ಹೈಡ್ರಾಲಿಕ್, ತೋಳಿಗೆ ಚಕ್ರ ಎಂದು ಕೊನೆಗೆ ತೀರ್ಮಾನವಾಯಿತು. ನನ್ನ ಫೈಲಿನಲ್ಲಿ ತೋಳು ಏಳಲು 36 ಫ್ರೇಮ್ ಇಟ್ಟಿದ್ದೆ. ಅಪ್ಪನ ಚಕ್ರ ಅದಕ್ಕೆ ಎರಡು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಫೈಲನ್ನು ನಾನು 48ಕ್ಕೆ ತಿದ್ದಿದೆ.